‘ಪ್ರತಿಗಳು: 1000’ – ಒಂದು ಸಣ್ಣ ಪ್ರಕಾಶನದ ಪ್ರಕರಣ

ಬೆಂಗಳೂರಿನ ಒಂದು ಸಣ್ಣ ಕನ್ನಡ ಪ್ರಕಾಶನಕ್ಕೂ ಅದರ ಲೇಖಕರೊಬ್ಬರಿಗೂ ನಡುವೆ ಎದ್ದ ಮನಸ್ತಾಪ, ಆಮೇಲೆ ಆ ಪ್ರಕಾಶನ ತನ್ನ ಲೆಕ್ಕದ ಪದ್ಧತಿಯನ್ನೇ ಬದಲಿಸಿಕೊಂಡದ್ದು, ಇಷ್ಟು ಇಲ್ಲಿನ ವಿಷಯ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗಬಾರದು ಎಂದು ಹೆಸರುಗಳನ್ನು ಬಿಟ್ಟಿದ್ದೇನೆ, ಬಡಾವಣೆ ಮತ್ತು ಕೆಲವು ಮೊತ್ತಗಳನ್ನು ಬದಲಿಸಿದ್ದೇನೆ. ನಡೆದ ಕ್ರಮವನ್ನು ಮಾತ್ರ ಮುಟ್ಟಿಲ್ಲ. ನಾನು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಡುವ ಕೆಲಸದವನು. ವಿಷಯ ಆಗಲೇ ಕೈಮೀರಿದ್ದ ಹೊತ್ತಿನಲ್ಲಿ ಪ್ರಕಾಶಕಿ ನನ್ನನ್ನು ಕರೆದರು. ಕನ್ನಡದಲ್ಲಿ ಪುಸ್ತಕ ತರುವವರಿಗೂ ಬರೆಯುವವರಿಗೂ ಇದು ಉಪಯೋಗಕ್ಕೆ ಬರುತ್ತದೆ ಅನ್ನಿಸಿದ್ದರಿಂದ ವಿವರವಾಗಿಯೇ ಹೇಳುತ್ತೇನೆ.

ಹಿನ್ನೆಲೆ

ಪ್ರಕಾಶನ ಅಂದರೆ ದಕ್ಷಿಣ ಬೆಂಗಳೂರಿನ ಒಂದು ಮನೆಯ ಮುಂದಿನ ಕೋಣೆ. ಪ್ರಕಾಶಕಿ ಮೊದಲು ಪುಸ್ತಕದ ಅಂಗಡಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಓದುಗರು ಯಾವ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾರೆ, ಬೆಲೆ ನೋಡಿ ಯಾವುದನ್ನು ವಾಪಸ್ ಇಡುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಜೊತೆಗೆ ಅರ್ಧ ದಿನ ಬರುವ ಒಬ್ಬ ಹುಡುಗ, ಅಷ್ಟೇ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ, ಚಾಮರಾಜಪೇಟೆಯಲ್ಲಿ, ಅಚ್ಚು ರಾಜಾಜಿನಗರದಲ್ಲಿ. ಬಿಡುಗಡೆ ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲೋ ಎನ್.ಆರ್. ಕಾಲೊನಿಯಲ್ಲೋ. ವರ್ಷಕ್ಕೆ ಐದಾರು ಪುಸ್ತಕ: ಕತೆ, ಪ್ರಬಂಧ, ಅನುವಾದ, ಆಗೊಮ್ಮೆ ಈಗೊಮ್ಮೆ ಕವಿತೆ.

ಇಂಥ ಪ್ರಕಾಶನದ ಹಣಕಾಸು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. 1/8 ಡೆಮಿ, ಅಂದರೆ ಮಾಮೂಲಿ ಪುಸ್ತಕದ ಅಳತೆಯ 160 ಪುಟದ ಕಥಾಸಂಕಲನ ತಗೊಳ್ಳಿ. ಒಂದು ಹಾಳೆಯ ಎರಡೂ ಬದಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ, ಅಂಥ ಹತ್ತು ಫಾರಂ. ಬೆಲೆ ₹180. ಅಂಗಡಿಗೆ ಶೇ 40 ರಿಯಾಯಿತಿ ಕೊಟ್ಟರೆ ಉಳಿಯುವುದು ₹108. ಲೇಖಕರಿಗೆ ಮುಖಬೆಲೆಯ ಶೇ 10, ಅಂದರೆ ₹18. ಕಾಗದ, ಅಚ್ಚು, ಬೈಂಡಿಂಗ್ ಸೇರಿ 500 ಪ್ರತಿ ಹಾಕಿಸಿದರೆ ಪ್ರತಿಗೆ ₹60ರ ಆಸುಪಾಸು ಬೀಳುತ್ತಿತ್ತು. ಉಳಿದ ₹30ರಲ್ಲಿ ಡಿಟಿಪಿ, ಕರಡು ತಿದ್ದುವವರು, ಮುಖಪುಟದ ಕಲಾವಿದರು, ಅಂಚೆ, ಎಲ್ಲವೂ ಆಗಬೇಕು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅಂತ ಜನ ಹೇಳುತ್ತಾರೆ, ನಿಜ. ಆದರೆ ಕಾಗದಕ್ಕೆ ಇದೆ, ಅಚ್ಚಿನ ಕೆಲಸಕ್ಕೆ ಇದೆ. ಪುಸ್ತಕಕ್ಕೆ ತೆರಿಗೆ ಇಲ್ಲದ ಕಾರಣಕ್ಕೇ, ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯುವ ದಾರಿ ಪ್ರಕಾಶಕರಿಗೆ ಇಲ್ಲ. ಅದೂ ಆ ₹60ರ ಒಳಗೇ ಸೇರಿಕೊಂಡಿರುತ್ತದೆ.

ಅಂಗಡಿಯವರು ಪುಸ್ತಕವನ್ನು ದುಡ್ಡು ಕೊಟ್ಟು ತಗೊಳ್ಳುವುದಿಲ್ಲ. ಇಟ್ಟುಕೊಳ್ಳುತ್ತಾರೆ, ಮಾರಾಟವಾದ ಮೇಲೆ ಕೊಡುತ್ತಾರೆ. ಕೆಲವರು ತಿಂಗಳಿಗೆ, ಕೆಲವರು ವರ್ಷಕ್ಕೆ, ಕೆಲವರು ಕೇಳಿ ಕೇಳಿ ಸಾಕಾದ ಮೇಲೆ. ಹಾಗಾಗಿ ‘ಎಷ್ಟು ಪ್ರತಿ ಖರ್ಚಾಯಿತು?’ ಅನ್ನುವ ಸರಳ ಪ್ರಶ್ನೆಗೆ ಪ್ರಕಾಶಕರ ಹತ್ತಿರವೂ ಯಾವ ದಿನವೂ ಪೂರ್ತಿ ಉತ್ತರ ಇರುವುದಿಲ್ಲ. ಲೇಖಕರಿಗೆ ಇದು ನೆಪದಂತೆ ಕೇಳಿಸುತ್ತದೆ. ಅವರ ಜಾಗದಲ್ಲಿ ನಿಂತು ನೋಡಿದರೆ ನನಗೂ ಹಾಗೇ ಕೇಳಿಸುತ್ತಿತ್ತು.

ಸಮಸ್ಯೆ

ನಮ್ಮ ಕತೆಗಾರರು ಹಿರಿಯರು. ನಿವೃತ್ತ ಮೇಷ್ಟ್ರು, ಕಡಿಮೆ ಬರೆಯುವವರು, ಬರೆದದ್ದನ್ನು ಹತ್ತು ಸಲ ತಿದ್ದುವವರು. ಅವರ ಸಂಕಲನ 2019ರ ಕೊನೆಗೆ ಬಂತು. ಒಳ್ಳೆಯ ಮಾತು ಬಂತು, ಮೊದಲ ಮೂರು ತಿಂಗಳು ಚೆನ್ನಾಗಿಯೇ ಹೋಯಿತು. ಪ್ರಕಾಶಕಿ ₹4,500 ಸಂಭಾವನೆಯನ್ನೂ ಕೊಟ್ಟರು. ಆಮೇಲೆ 2020ರ ಮಾರ್ಚ್ ಬಂತು. ಲಾಕ್‌ಡೌನ್, ಮುಚ್ಚಿದ ಅಂಗಡಿಗಳು, ಬಾರದ ಬಾಕಿ. ಲೆಕ್ಕ ಕಳಿಸುವುದು ನಿಂತೇಹೋಯಿತು. ಫೋನಿನಲ್ಲಿ ಮಾತಾಡಿದಾಗ ‘ಪ್ರತಿಗಳು ಖಾಲಿಯಾಗ್ತಾ ಬಂದಿವೆ ಸರ್’ ಅನ್ನುವುದು ಒಂದೇ ಉತ್ತರ.

2022ರಲ್ಲಿ ಕತೆಗಾರರು ಗಾಂಧಿ ಬಜಾರಿಗೆ ಹೋದಾಗ ಅಂಗಡಿಯಲ್ಲಿ ತಮ್ಮ ಪುಸ್ತಕ ಹೊಸದಾಗಿ ಕಂಡಿತು. ಒಂದು ಪ್ರತಿ ಕೊಂಡು ಮನೆಗೆ ತಂದು, ತಮ್ಮ ಹಳೆಯ ಪ್ರತಿಯ ಪಕ್ಕ ಇಟ್ಟರು. ಹಳೆಯದರ ಕಾಗದ ತಿಳಿ ಕೆನೆ ಬಣ್ಣದ್ದು, ಹೊಸದರದು ಬಿಳಿ. ಬೆನ್ನು ಸ್ವಲ್ಪ ತೆಳ್ಳಗೆ. ಮುಖಪುಟದ ಕೆಂಪು ಒಂಚೂರು ಗಾಢ. ಆದರೆ ಒಳಗೆ ಪುಸ್ತಕದ ವಿವರ ಇರುವ ಪುಟ ಅಕ್ಷರಕ್ಕೆ ಅಕ್ಷರ ಹಳೆಯದೇ: ‘ಮೊದಲ ಮುದ್ರಣ: 2019. ಪ್ರತಿಗಳು: 1000. ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೊ. ಹಕ್ಕುಗಳು: ಲೇಖಕರವು.’ ಪುಸ್ತಕದ ಗುರುತಿಗೆ ಕೊಡುವ ಐಎಸ್‌ಬಿಎನ್ ಸಂಖ್ಯೆಯೂ ಅದೇ. ಬದಲಾವಣೆ ಇಲ್ಲದೆ ಮತ್ತೆ ಅಚ್ಚು ಹಾಕಿದರೆ ಐಎಸ್‌ಬಿಎನ್ ಬದಲಾಗುವುದಿಲ್ಲ, ಅದು ನಿಯಮವೇ. ಅವರಿಗೆ ಅದು ತಿಳಿದಿರಲಿಲ್ಲ, ಬಹಳ ಲೇಖಕರಿಗೆ ತಿಳಿದಿರುವುದಿಲ್ಲ. ಅವರು ಬಂದ ತೀರ್ಮಾನ ಸ್ಪಷ್ಟವಾಗಿತ್ತು: ಸಾವಿರ ಖರ್ಚಾಗಿದೆ, ನನಗೆ ಹೇಳದೆ ಇನ್ನೊಂದು ಸಾವಿರ ಹಾಕಿಸಿದ್ದಾರೆ.

ನಿಜವಾಗಿ ಆದದ್ದು ಬೇರೆ. ಸಾವಿರ ಒಟ್ಟಿಗೆ ಹಾಕಿಸಲು ಪ್ರಕಾಶಕಿಯ ಹತ್ತಿರ ದುಡ್ಡಿರಲಿಲ್ಲ. ಮೊದಲು 500 ಹಾಕಿಸಿದರು. ಅದು ಮುಗಿಯುತ್ತಾ ಬಂದಾಗ, 2022ರ ಶುರುವಿನಲ್ಲಿ 300 ಹಾಕಿಸಿದರು. ಆಗ ಕಾಗದದ ಬೆಲೆ ವಿಪರೀತ ಏರಿತ್ತು, ಮೊದಲಿನ ಕಾಗದ ಸಿಗಲಿಲ್ಲ, ಸಿಕ್ಕಿದ್ದನ್ನು ತಂದರು. ಒಟ್ಟು 800. ವಿವರದ ಪುಟದಲ್ಲಿ ಸಾವಿರ ಅಂತ ಹಾಕಿದ್ದು ರೂಢಿಯ ಪ್ರಕಾರ. ಐನೂರು ಅಂತ ಹಾಕಿದರೆ ಪುಸ್ತಕಕ್ಕೆ ಮರ್ಯಾದೆ ಕಡಿಮೆ ಅನ್ನುವ ಭಾವನೆ ನಮ್ಮಲ್ಲಿ ಎಷ್ಟೋ ಜನರಿಗೆ ಇದೆ. ಲೇಖಕರಿಗೂ ಇದೆ, ಅದನ್ನೂ ಹೇಳಲೇಬೇಕು.

ಕತೆಗಾರರು ಪ್ರಕಾಶಕಿಯನ್ನು ಕೇಳಲಿಲ್ಲ. ಒಂದು ಭಾನುವಾರ ಇನ್ನೊಬ್ಬರ ಪುಸ್ತಕ ಬಿಡುಗಡೆಯಲ್ಲಿ, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ನಾಲ್ಕು ಜನರಿಗೆ ಹೇಳಿದರು. ಬೆಂಗಳೂರಿನ ಸಾಹಿತ್ಯದ ಬಳಗ ಅಷ್ಟೇನೂ ದೊಡ್ಡದಲ್ಲ. ತಿಂಗಳೊಳಗೆ ಒಬ್ಬ ಅನುವಾದಕಿ ತಮ್ಮ ಹಸ್ತಪ್ರತಿ ವಾಪಸ್ ಕೇಳಿದರು. ಇನ್ನೊಬ್ಬರು ಕೊಡುತ್ತೇನೆ ಅಂದಿದ್ದ ಪ್ರಬಂಧಗಳ ಬಗ್ಗೆ ಮಾತೇ ಎತ್ತಲಿಲ್ಲ.

ಮೊದಲು ಮಾಡಿದ್ದು: ಚೆಕ್ಕು

ವಿಷಯ ಕಿವಿಗೆ ಬಿದ್ದಾಗ ಪ್ರಕಾಶಕಿಗೆ ತುಂಬಾ ನೋವಾಯಿತು. ಮಾತಿನಿಂದ ಬಗೆಹರಿಯುವುದಿಲ್ಲ, ದುಡ್ಡು ಕೊಟ್ಟರೆ ತಮ್ಮ ನಿಯತ್ತು ಗೊತ್ತಾಗುತ್ತದೆ ಅಂದುಕೊಂಡರು. ಪುಸ್ತಕದಲ್ಲಿ ಸಾವಿರ ಅಂತ ಇದೆ ಅಲ್ವಾ, ಸಾವಿರಕ್ಕೇ ಕೊಟ್ಟುಬಿಡೋಣ ಅಂತ ₹18,000ದಲ್ಲಿ ಮೊದಲು ಕೊಟ್ಟ ₹4,500 ಕಳೆದು ₹13,500ಕ್ಕೆ ಚೆಕ್ಕು ಬರೆದರು. ಜೊತೆಗೆ ಎರಡು ಸಾಲಿನ ವಿನಯದ ಪತ್ರ.

ಚೆಕ್ಕು ವಾರದಲ್ಲಿ ವಾಪಸ್ ಬಂತು. ಜೊತೆಗಿದ್ದ ಚೀಟಿಯಲ್ಲಿ ಒಂದೇ ಪ್ರಶ್ನೆ: ‘ಈ ಮೊತ್ತ ಹೇಗೆ ಬಂತು?’

ನನ್ನನ್ನು ಕರೆದದ್ದು ಆಗ. ಲೆಕ್ಕ ತೆಗೆದಾಗ ಗೊತ್ತಾಯಿತು, ಆ ದಿನಕ್ಕೆ ಅವರಿಗೆ ಕೊಡಬೇಕಿದ್ದ ಬಾಕಿ ₹6,480 ಮಾತ್ರ. ಅದರ ಎರಡರಷ್ಟು ಮೊತ್ತ, ಯಾವ ವಿವರವೂ ಇಲ್ಲದೆ, ಅನುಮಾನ ಎದ್ದ ಕೂಡಲೇ ಬಂದರೆ ಯಾರಿಗಾದರೂ ಏನನ್ನಿಸುತ್ತದೆ? ಬಾಯಿ ಮುಚ್ಚಿಸಲು ಕೊಟ್ಟದ್ದು ಅಂತಲೇ ಅನ್ನಿಸುತ್ತದೆ. ಈ ಪ್ರಕರಣದ ಮೊದಲ ತಿರುವು ಇದು ಅಂತ ನನ್ನ ಲೆಕ್ಕ. ಎಷ್ಟು ಕೊಟ್ಟರೂ ಸಮಾಧಾನ ಆಗದ ಜಾಗಕ್ಕೆ ವಿಷಯ ಬಂದು ನಿಂತಿತ್ತು. ಅವರು ಕೇಳುತ್ತಿದ್ದದ್ದು ದುಡ್ಡನ್ನಲ್ಲ, ಪುಸ್ತಕ ಎಲ್ಲೆಲ್ಲಿಗೆ ಹೋಯಿತು ಅನ್ನುವುದನ್ನು. ₹6,000ಕ್ಕೆ ಯಾರೂ ಇಷ್ಟು ವರ್ಷದ ಸ್ನೇಹ ಕಡಿದುಕೊಳ್ಳುವುದಿಲ್ಲ.

800 ಪ್ರತಿಗಳ ಜಾಡು

ಆ ಲೆಕ್ಕ ತೆಗೆದದ್ದು ಸುಲಭವಾಗಿರಲಿಲ್ಲ. ಮನೆಯಲ್ಲಿ ಮಂಚದ ಕೆಳಗೆ, ಅಟ್ಟದ ಮೇಲೆ, ಹಿಂದಿನ ಕೋಣೆಯ ಬೀರುವಿನಲ್ಲಿ ಕಟ್ಟುಗಳಿದ್ದವು. ಎಲ್ಲ ಕೆಳಗಿಳಿಸಿ ಎಣಿಸಿದೆವು. ಅಂಗಡಿಗಳಿಗೆ ಫೋನು ಮಾಡಿದೆವು. ಮೈಸೂರು, ಶಿವಮೊಗ್ಗ, ಧಾರವಾಡದವರು ಎರಡು ದಿನದಲ್ಲಿ ಎಣಿಸಿ ಹೇಳಿದರು. ಜಿಲ್ಲಾ ಕೇಂದ್ರವೊಂದರ ಅಂಗಡಿಯವರು ‘ಎಲ್ಲಾ ಹೋಗಿವೆ, ಮುಂದಿನ ತಿಂಗಳು ಹಾಕ್ತೀನಿ’ ಅಂತ ಲಾಕ್‌ಡೌನ್ ಮುಗಿದಾಗಿನಿಂದ ಹೇಳುತ್ತಿದ್ದದ್ದನ್ನೇ ಮತ್ತೆ ಹೇಳಿದರು.

ಕೊನೆಗೆ ಸಿಕ್ಕ ಚಿತ್ರ ಹೀಗಿತ್ತು. ಅಚ್ಚಾದದ್ದು 800. ಮಾರಾಟ 610, ಇದರಲ್ಲಿ ಆ ಅಂಗಡಿಯವರು ದುಡ್ಡು ಕೊಡದ ಪ್ರತಿಗಳೂ ಸೇರಿವೆ. ಲೇಖಕರಿಗೆ ಕೊಟ್ಟದ್ದು 25. ವಿಮರ್ಶೆಗೆ, ಅತಿಥಿಗಳಿಗೆ, ಸ್ನೇಹಕ್ಕೆ ಹೋದದ್ದು 49. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಸೇರಿ ನಾಲ್ಕು ಗ್ರಂಥಾಲಯಗಳಿಗೆ 1954ರ ಕಾಯ್ದೆಯಂತೆ ಒಪ್ಪಿಸಬೇಕಾದ 4. ಮಳೆಗಾಲದಲ್ಲಿ ಗೋಡೆಯ ತೇವಕ್ಕೆ ಹಾಳಾದದ್ದು 12. ಅಂಗಡಿಗಳಲ್ಲಿ ಉಳಿದದ್ದು 64, ಮನೆಯಲ್ಲಿ 36. ಕೂಡಿದರೆ 800. ಪ್ರಕಾಶಕಿ ಕೂಡ ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ನೋಡಿದ್ದು ಅದೇ ಮೊದಲು.

ಈಗ ತೀರ್ಮಾನದ ಪ್ರಶ್ನೆ ಬಂತು. ಹಾಳಾದ 12 ಪ್ರತಿ, ದುಡ್ಡು ಕೊಡದ ಅಂಗಡಿ, ಇದನ್ನೆಲ್ಲ ಲೇಖಕರಿಗೆ ತೋರಿಸಬೇಕಾ? ತೋರಿಸಿದರೆ ಅವ್ಯವಸ್ಥೆ ಬಯಲಾಗುತ್ತದೆ. ನನ್ನ ಅಭಿಪ್ರಾಯ ಇಡೀ ಹಾಳೆ ಹೋಗಲಿ ಅಂತ. ಪ್ರಕಾಶಕಿ ಒಂದು ರಾತ್ರಿ ಯೋಚಿಸಿ ಒಪ್ಪಿದ್ದಲ್ಲದೆ, ನನಗೆ ಹೊಳೆಯದ ಒಂದನ್ನು ಸೇರಿಸಿದರು. ಅಚ್ಚು ಹಾಕಿದವರ ಎರಡೂ ಬಿಲ್ಲುಗಳ ನಕಲು. ಒಂದರಲ್ಲಿ 500, ಇನ್ನೊಂದರಲ್ಲಿ 300, ತಾರೀಕು, ಕಾಗದದ ವಿವರ ಸಮೇತ. ‘ನನ್ನ ಹಾಳೆಯನ್ನು ನಾನೇ ಬರೆದದ್ದು, ಅದನ್ನು ಅವರು ಯಾಕೆ ನಂಬಬೇಕು? ಬಿಲ್ಲು ಬೇರೆಯವರದು’ ಅಂದರು. ಮುಂದೆ ಇಡೀ ಪದ್ಧತಿ ನಿಂತದ್ದು ಈ ಮಾತಿನ ಮೇಲೆ.

ಅಂಚೆಯಲ್ಲಿ ಕಳಿಸದೆ ತಾವೇ ಹೋಗಿ ಕೊಟ್ಟರು. ಕತೆಗಾರರು ಕನ್ನಡಕ ಹಾಕಿಕೊಂಡು, ಪೆನ್ಸಿಲ್ ಹಿಡಿದು, ಕೂಡಿಸಿ ನೋಡಿದರು. ಆ 49 ಪ್ರತಿ ಯಾರ್ಯಾರಿಗೆ ಅಂತ ಕೇಳಿದರು. ಹೆಸರುಗಳ ಪಟ್ಟಿಯೂ ಕೈಯಲ್ಲಿತ್ತು. ಬಿಲ್ಲುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ‘ಲೆಕ್ಕ ಸರಿ ಇದೆ’ ಅಂದು ₹6,480 ತಗೊಂಡರು. ತಾವು ಹೇಳಿಕೊಂಡು ಬಂದಿದ್ದ ಜನರಿಗೆ ತಾವೇ ಫೋನು ಮಾಡಿ ತಪ್ಪು ತಿಳಿದಿದ್ದೆ ಅಂತಲೂ ಹೇಳಿದರು. ಅದು ದೊಡ್ಡತನ. ಆದರೆ ಮುಂದಿನ ಪುಸ್ತಕ ಕೊಡಲಿಲ್ಲ. ಇವತ್ತಿಗೂ ಕೊಟ್ಟಿಲ್ಲ. ಎರಡು ವರ್ಷ ಕೇಳಿ ಕೇಳಿ ಪಡೆಯಬೇಕಾದ ಲೆಕ್ಕ ತನಗೆ ಬೇಡ ಅಂದರು. ಪ್ರಕಾಶಕಿ ಅದನ್ನು ಒಪ್ಪಿಕೊಂಡರು.

ಒಂಬತ್ತು ಪುಟದ ಒಪ್ಪಂದ, ಎರಡು ಪುಟದ ಒಪ್ಪಂದ

ಒಂದು ಜಗಳ ತೀರಿತು. ಆದರೆ ಅದೇ ವರ್ಷ ಇನ್ನೂ ನಾಲ್ಕು ಪುಸ್ತಕ ಬರುವುದಿತ್ತು, ಒಂದಕ್ಕೂ ಬರವಣಿಗೆಯ ಒಪ್ಪಂದ ಇರಲಿಲ್ಲ. ನಮ್ಮಲ್ಲಿ ಬಹುಪಾಲು ಪುಸ್ತಕ ಬಾಯಿಮಾತಿನ ಮೇಲೇ ಬರುತ್ತವೆ. ಪರಿಚಯದ ವಕೀಲರೊಬ್ಬರು ಒಪ್ಪಂದ ಬರೆದುಕೊಟ್ಟರು. ಒಂಬತ್ತು ಪುಟ, ಇಂಗ್ಲಿಷಿನಲ್ಲಿ. ಅನುವಾದ, ಸಿನಿಮಾ, ಆಡಿಯೊ, ಮುಂದೆ ಬರಬಹುದಾದ ಎಲ್ಲ ಮಾಧ್ಯಮದ ಹಕ್ಕೂ ಪ್ರಕಾಶಕರಿಗೆ, ಅದೂ ಕೃತಿಸ್ವಾಮ್ಯ ಇರುವಷ್ಟು ಕಾಲ. ಭಾರತದಲ್ಲಿ ಅದು ಲೇಖಕರು ಬದುಕಿರುವವರೆಗೆ ಮತ್ತು ಆಮೇಲೆ 60 ವರ್ಷ. ವಕೀಲರು ತಮ್ಮ ಕಕ್ಷಿದಾರರ ಹಿತ ನೋಡಿದರು, ಅವರ ಕೆಲಸ ಅದು. ಆದರೆ ಹಾಸನದ ಕಡೆಯ ಹೊಸ ಲೇಖಕಿಯೊಬ್ಬರು ಅದನ್ನು ಮಗನ ಕೈಲಿ ಓದಿಸಿ ಕೇಳಿದ ಪ್ರಶ್ನೆ ಎಲ್ಲರ ಬಾಯಿ ಕಟ್ಟಿಸಿತು: ‘ಮೇಡಂ, ಇದ್ರಲ್ಲಿ ನಂದು ಅಂತ ಏನು ಉಳೀತು?’

ಆ ಒಂಬತ್ತು ಪುಟ ಅಲ್ಲಿಗೇ ನಿಂತಿತು. ಪ್ರಕಾಶಕಿ ಮತ್ತು ಆ ಲೇಖಕಿಯೇ ಕೂತು ಕನ್ನಡದಲ್ಲಿ ಹೊಸದನ್ನು ಬರೆದರು. ನಾನು ಲೆಕ್ಕದ ಭಾಗ ಮಾತ್ರ ನೋಡಿದೆ. ಎರಡು ಪುಟ.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮನ್ನು ಲೇಖಕರು ಒಮ್ಮೆ ಓದಿಕೊಂಡರೆ ಒಳ್ಳೆಯದು. ಹಕ್ಕು ವರ್ಗಾಯಿಸುವುದು ಬರವಣಿಗೆಯಲ್ಲೇ ಆಗಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ತಿಳಿಯಬೇಕು, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದಲ್ಲಿ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ಕಾಯ್ದೆ ಲೇಖಕರ ಪರವಾಗಿಯೇ ಇದೆ. ಹೊಸ ಒಪ್ಪಂದ ಈ 5 ವರ್ಷವನ್ನೇ ಇಟ್ಟುಕೊಂಡಿತು. ಪ್ರಕಾಶನಕ್ಕೆ ಕನ್ನಡದಲ್ಲಿ ಅಚ್ಚು ಪುಸ್ತಕ ತರುವ ಹಕ್ಕು ಮಾತ್ರ. ಉಳಿದದ್ದೆಲ್ಲ ಲೇಖಕರದೇ. ಪ್ರತಿಗಳು ಆರು ತಿಂಗಳು ಎಲ್ಲೂ ಸಿಗದಿದ್ದರೆ ಆ ಹಕ್ಕೂ ಲೇಖಕರಿಗೆ ವಾಪಸ್. ಕೊನೆಯ ಕರಡಿಗೆ ಲೇಖಕರ ಸಹಿ ಬೀಳದೆ ಅಚ್ಚಿಗೆ ಹೋಗುವಂತಿಲ್ಲ. ಈ ಕೊನೆಯದನ್ನು ಸೇರಿಸಲು ಕಾರಣ ಇತ್ತು. ಹಿಂದೆ ಒಬ್ಬರ ಕತೆಯಲ್ಲಿ ಪಾತ್ರಗಳು ‘ಹೋಗ್ಯಾನ’, ‘ಬಂದಾನ’ ಅಂದದ್ದನ್ನು ಕರಡು ತಿದ್ದುವವರು ‘ಹೋಗಿದ್ದಾನೆ’, ‘ಬಂದಿದ್ದಾನೆ’ ಮಾಡಿಬಿಟ್ಟಿದ್ದರು.

ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಸಂಭಾವನೆಯ ಕಲಮು. ಅದರ ಬಗ್ಗೆ ಬಹಳ ಚರ್ಚೆ ಆಯಿತು.

ಮಾರಾಟದ ಮೇಲೆ ಕೊಡುವುದೋ, ಅಚ್ಚಿನ ಮೇಲೆ ಕೊಡುವುದೋ

ಸಾಮಾನ್ಯ ಕ್ರಮ ಮಾರಾಟವಾದ ಪ್ರತಿಗಳ ಮೇಲೆ ಶೇ 10. ನ್ಯಾಯವಾಗಿಯೇ ಕಾಣುತ್ತದೆ. ಕಷ್ಟ ಏನು ಅಂದರೆ, ಮಾರಾಟದ ಸಂಖ್ಯೆ ಎಲ್ಲಿಂದ ಬರುತ್ತದೆ? ಹತ್ತಾರು ಅಂಗಡಿ, ಮೇಳ, ಅಂಚೆ, ಬಿಡುಗಡೆಯ ದಿನದ ಮೇಜು, ಹೀಗೆ ಹತ್ತಾರು ಕಡೆಯಿಂದ, ಬೇರೆ ಬೇರೆ ಕಾಲಕ್ಕೆ. ಲೇಖಕರು ಅದನ್ನು ಪರೀಕ್ಷಿಸುವ ದಾರಿಯೇ ಇಲ್ಲ. ಪ್ರಕಾಶಕರು ಎಷ್ಟೇ ಪ್ರಾಮಾಣಿಕರಾದರೂ ಅವರ ಮಾತನ್ನು ಸುಮ್ನೆ ನಂಬಬೇಕು. ಅಚ್ಚಾದ ಸಂಖ್ಯೆ ಹಾಗಲ್ಲ. ಅದು ಒಂದೇ ಸಂಖ್ಯೆ, ಅದಕ್ಕೊಂದು ಬಿಲ್ಲಿದೆ, ಆ ಬಿಲ್ಲು ಕೊಟ್ಟವರು ಮೂರನೆಯವರು.

ಹಾಗಾಗಿ ಪ್ರಕಾಶಕಿ ತೀರ್ಮಾನ ಮಾಡಿದರು: ಅಚ್ಚಾದಷ್ಟೂ ಪ್ರತಿಗೆ ಶೇ 10 ಕೊಡುವುದು. ಅರ್ಧ ಬಿಡುಗಡೆಯ ದಿನ, ಇನ್ನರ್ಧ ವರ್ಷ ತುಂಬಿದ ದಿನ, ಪುಸ್ತಕ ಮಾರಾಟವಾಗಲಿ ಬಿಡಲಿ. ಅಚ್ಚಿನ ಬಿಲ್ಲಿನ ನಕಲು ಹದಿನೈದು ದಿನದೊಳಗೆ ಲೇಖಕರ ಕೈಗೆ. ಪ್ರತಿ ಮುದ್ರಣದಲ್ಲೂ ವಿವರದ ಪುಟದಲ್ಲಿ ತಿಂಗಳು ಮತ್ತು ನಿಜವಾದ ಸಂಖ್ಯೆ. 300 ಹಾಕಿದರೆ 300 ಅಂತಲೇ.

ಗೌರವ ಪ್ರತಿಗಳನ್ನು ಬಿಟ್ಟು ಉಳಿದದ್ದಕ್ಕೆ ಕೊಡೋಣ ಅಂತ ನಾನೇ ಒಂದು ಸಲಹೆ ಕೊಟ್ಟೆ. ₹200 ಬೆಲೆಯ ಪುಸ್ತಕ 300 ಹಾಕಿಸಿ ಅದರಲ್ಲಿ 30 ಕಳೆದರೆ, ಪ್ರತಿಗೆ ₹20ರಂತೆ ₹600 ಉಳಿಯುತ್ತಿತ್ತು. ಅವರು ಒಪ್ಪಲಿಲ್ಲ. ಮೂವತ್ತು ಯಾರಿಗೆ ಹೋಯಿತು ಅಂತ ಮತ್ತೊಂದು ಪಟ್ಟಿ ಶುರುವಾಗುತ್ತದೆ ಅಂದರು. ಸರಿಯಾದ ಮಾತು.

ಇದಕ್ಕೆ ಬೆಲೆ ತೆರಬೇಕಾಯಿತು. ಸಂಭಾವನೆ ಮೊದಲೇ ಕೈಬಿಟ್ಟುಹೋಗುವುದರಿಂದ 500 ಹಾಕಿಸುವ ಧೈರ್ಯ ಬರಲಿಲ್ಲ, ಮೊದಲ ಮುದ್ರಣ 300ಕ್ಕೆ ಇಳಿಯಿತು. ಪ್ರತಿ ಕಡಿಮೆಯಾದರೆ ಒಂದೊಂದರ ಖರ್ಚು ಏರುತ್ತದೆ, ₹60 ಇದ್ದದ್ದು ₹78 ಆಯಿತು. ಅದೇ 160 ಪುಟದ ಪುಸ್ತಕಕ್ಕೆ ₹200 ಬೆಲೆ ಇಡಬೇಕಾಯಿತು. ಅಂಗಡಿಗೆ ₹80, ಲೇಖಕರಿಗೆ ₹20, ಅಚ್ಚಿಗೆ ₹78. ಕೈಯಲ್ಲಿ ₹22. ಬಿಡುಗಡೆಯ ದಿನ ₹3,000 ಲೇಖಕರಿಗೆ ಕೊಡಬೇಕು, ಆ ದಿನಕ್ಕೆ ಒಂದು ಪ್ರತಿಯೂ ಮಾರಾಟವಾಗಿರುವುದಿಲ್ಲ. ಇದನ್ನು ತುಂಬಿಕೊಳ್ಳಲು ಬಿಡುಗಡೆಗೆ ಮೊದಲೇ ವಾಟ್ಸಾಪ್‌ನಲ್ಲಿ ಓದುಗರಿಂದ ಮುಂಗಡ ಪಡೆಯುವುದು ಶುರುವಾಯಿತು. ಕನ್ನಡಕ್ಕೆ ಇದು ಹೊಸತೇನಲ್ಲ, 1933ರಲ್ಲಿ ಹುಟ್ಟಿದ ಧಾರವಾಡದ ಮನೋಹರ ಗ್ರಂಥಮಾಲೆ ಬೆಳೆದದ್ದೇ ಚಂದಾದಾರರನ್ನು ನೆಚ್ಚಿ. ನೇರವಾಗಿ ಓದುಗರಿಗೆ ಹೋದ ಪ್ರತಿಗೆ ಅಂಗಡಿಯ ರಿಯಾಯಿತಿ ಉಳಿಯುತ್ತದೆ, ಅಂಚೆ ಖರ್ಚು ಹೋದರೂ ಸ್ವಲ್ಪ ಜಾಸ್ತಿಯೇ ಕೈಗೆ ಬರುತ್ತದೆ.

ವರ್ಷಕ್ಕೆ ಐದಾರು ಇದ್ದ ಪುಸ್ತಕ ಮೂರು ನಾಲ್ಕಕ್ಕೆ ಇಳಿಯಿತು. ಒಂದು ಒಳ್ಳೆಯ ಕವನ ಸಂಕಲನವನ್ನು ಬಿಡಬೇಕಾಯಿತು, ಅದಕ್ಕೆ ಮೊದಲೇ ಸಂಭಾವನೆ ಕೊಟ್ಟರೆ ನಷ್ಟ ಖಚಿತವಾಗಿತ್ತು. ಸಂಭಾವನೆ ಬೇಡ ಅಂತ ಕವಿಯೇ ಹೇಳಿದರು. ಪ್ರಕಾಶಕಿ ಆದರೂ ಒಪ್ಪಲಿಲ್ಲ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೆ ಪದ್ಧತಿ ಅಂತ ಏನೂ ಉಳಿಯುವುದಿಲ್ಲ ಅನ್ನುವುದು ಅವರ ನಿಲುವು. ನನಗೆ ಇಲ್ಲಿ ಇನ್ನೂ ಮನಸ್ಸು ಒಪ್ಪಿಲ್ಲ. ಆ ಕವಿತೆಗಳು ಬರಬೇಕಿತ್ತು.

ನಿಜವಾದ ಪರೀಕ್ಷೆ

ಹೊಸ ಪದ್ಧತಿ ಬಂದ ಎರಡನೇ ವರ್ಷ, ಹಾಸನದ ಆ ಲೇಖಕಿಯ ಪ್ರಬಂಧಗಳಿಗೆ ಒಂದು ಬಹುಮಾನ ಬಂತು. ಒಂದು ದೊಡ್ಡ ಪ್ರಕಾಶನ ಆ ಪುಸ್ತಕವನ್ನು ತಾನೇ ತರುತ್ತೇನೆ ಅಂತ ಕೇಳಿತು. ಒಪ್ಪಂದದಲ್ಲಿ ಇನ್ನೂ ಮೂರು ವರ್ಷಕ್ಕಿಂತ ಹೆಚ್ಚು ಬಾಕಿ ಇತ್ತು. ಲೇಖಕಿ ಬಹಳ ಸಂಕೋಚದಿಂದ ಫೋನು ಮಾಡಿದರು. ಕಾಗದದ ಪ್ರಕಾರ ಪ್ರಕಾಶಕಿ ಆಗಲ್ಲ ಅನ್ನಬಹುದಿತ್ತು. ಬಹುಮಾನ ಬಂದ ಪುಸ್ತಕ, ಎರಡನೇ ಮುದ್ರಣಕ್ಕೆ ಹೋಗುವುದು ಗ್ಯಾರಂಟಿ, ಇಂಥ ಪ್ರಕಾಶನಕ್ಕೆ ಅಂಥದ್ದು ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ? ನಾನು ಬಿಟ್ಟುಕೊಡಬೇಡಿ ಅಂದೆ.

ಅವರು ಬಿಟ್ಟುಕೊಟ್ಟರು. ಉಳಿದಿದ್ದ ಪ್ರತಿಗಳನ್ನು ಹೊಸ ಪ್ರಕಾಶಕರು ಅಚ್ಚಿನ ಖರ್ಚಿಗೆ ಕೊಳ್ಳಬೇಕು ಅನ್ನುವುದು ಒಂದೇ ಷರತ್ತು. ಅವರ ಕಾರಣ ಹೀಗಿತ್ತು: ದೊಡ್ಡ ಪ್ರಕಾಶನಕ್ಕೆ ಇಡೀ ರಾಜ್ಯದಲ್ಲಿ ಅಂಗಡಿಗಳಿವೆ, ಆ ಪುಸ್ತಕಕ್ಕೆ ಅಲ್ಲಿ ಹೆಚ್ಚು ಓದುಗರು ಸಿಗುತ್ತಾರೆ. ಮನಸ್ಸಿಲ್ಲದ ಲೇಖಕರನ್ನು ಕಾಗದ ತೋರಿಸಿ ಹಿಡಿದಿಟ್ಟುಕೊಂಡರೆ ಮುಂದಿನ ಮೂರು ವರ್ಷ ಇಬ್ಬರಿಗೂ ಹಿಂಸೆ.

ಬಿಟ್ಟುಕೊಡುವುದು ಬರೀ ಒಂದು ಪತ್ರದ ಮಾತಾಗಿರಲಿಲ್ಲ. ಪುಟ ವಿನ್ಯಾಸದ ಫೈಲು ಹಳೆಯ ನುಡಿ ಫಾಂಟಿನಲ್ಲಿತ್ತು, ಹೊಸ ಪ್ರಕಾಶಕರಿಗೆ ಯೂನಿಕೋಡ್, ಅಂದರೆ ಈಗ ಎಲ್ಲ ಕಂಪ್ಯೂಟರಿಗೂ ಸಾಮಾನ್ಯವಾದ ಅಕ್ಷರ ಸಂಕೇತ, ಬೇಕಿತ್ತು. ಪರಿವರ್ತನೆ ಮಾಡಿದಾಗ ಅರ್ಕಾವತ್ತು ಇರುವ ಪದಗಳು ಕೆಟ್ಟವು. ‘ಕರ್ನಾಟಕ’ ಹೋಗಿ ‘ಕನಾರ್ಟಕ’, ‘ಧರ್ಮ’ ಹೋಗಿ ‘ಧಮರ್’. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂರಿಸಿರುತ್ತಾರೆ, ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ ಮೊದಲೇ ಬರಬೇಕು. ಪ್ರಕಾಶಕಿ ಕೆಟ್ಟ ಫೈಲನ್ನು ಹಾಗೇ ಕಳಿಸಲಿಲ್ಲ. ತಮ್ಮ ಕರಡು ತಿದ್ದುವವರಿಗೆ ದುಡ್ಡು ಕೊಟ್ಟು, ಪುಟ ಪುಟ ನೋಡಿಸಿ, ಸರಿಮಾಡಿ ಕೊಟ್ಟರು. ಆ ದುಡ್ಡನ್ನು ಯಾರಿಂದಲೂ ಕೇಳಲಿಲ್ಲ. ಆಗ ನನಗೆ ಅದು ಅನಗತ್ಯ ಖರ್ಚು ಅನ್ನಿಸಿತ್ತು.

ಆಮೇಲೆ ಏನಾಯಿತು ಅಂತ ಪಟ್ಟಿ ಮಾಡಿದರೆ ಕಾರಣ, ಪರಿಣಾಮ ಅಂತ ಗೆರೆ ಎಳೆಯುವುದು ಕಷ್ಟ. ಆದರೆ ಆದದ್ದು ಇಷ್ಟು: ಆ ಲೇಖಕಿ ತಮ್ಮ ಮುಂದಿನ ಪುಸ್ತಕವನ್ನು, ಒಂದು ಕಾದಂಬರಿಯನ್ನು, ಈ ಸಣ್ಣ ಪ್ರಕಾಶನಕ್ಕೇ ಕೊಟ್ಟರು. ಹಸ್ತಪ್ರತಿ ವಾಪಸ್ ತಗೊಂಡಿದ್ದ ಅನುವಾದಕಿ ಇನ್ನೊಂದು ಅನುವಾದ ಹಿಡಿದುಕೊಂಡು ಬಂದರು. ಬಿಟ್ಟುಕೊಟ್ಟ ಸುದ್ದಿಯೂ, ಮೊದಲು ಅನುಮಾನದ ಸುದ್ದಿ ಹರಡಿದ ಹಾಗೇ, ಭಾನುವಾರದ ಬಿಡುಗಡೆಗಳಲ್ಲಿ ಹರಡಿತ್ತು. ಮೊದಲ ಪುಸ್ತಕ ತರುವ ಕೆಲವು ಹುಡುಗರು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕುವಾಗ ಸಲಹೆ ಕೇಳಿಕೊಂಡು ಇವರ ಮನೆಗೇ ಬರತೊಡಗಿದರು. ಇನ್ನು ಆ ಹಿರಿಯ ಕತೆಗಾರರು ತಮ್ಮ ಹೊಸ ಸಂಕಲನವನ್ನು ಬೇರೆಯವರಿಗೆ ಕೊಟ್ಟರು. ಕೊಡುವಾಗ ಅಚ್ಚಿನ ಬಿಲ್ಲಿನ ನಕಲು ಬೇಕು ಅಂತ ಕೇಳಿದರಂತೆ. ಆ ಪ್ರಕಾಶಕರು ಸಿಟ್ಟಾಗಿ ನಮ್ಮ ಪ್ರಕಾಶಕಿಗೆ ಫೋನು ಮಾಡಿ, ಇಂಥ ಅಭ್ಯಾಸ ಯಾಕೆ ಮಾಡಿಸ್ತೀರಿ ಅಂತ ಕೇಳಿದರು. ಕೊನೆಗೆ ಬಿಲ್ಲು ಕೊಟ್ಟರು ಅಂತ ಕೇಳಿದ್ದೇನೆ.

ಇನ್ನೂ ಬಗೆಹರಿಯದ್ದು

ಈ ಪದ್ಧತಿಗೆ ಈಗ ಒಂದು ತೊಡಕು ಬಂದಿದೆ. 300 ಪ್ರತಿ ಮುಗಿದ ಮೇಲೆ ಮತ್ತೆ ಒಟ್ಟಿಗೆ ಹಾಕಿಸುವಷ್ಟು ಬೇಡಿಕೆ ಇಲ್ಲದ ಪುಸ್ತಕಗಳನ್ನು, ಬೇಡಿಕೆ ಬಂದಂತೆ ಹತ್ತು, ಐದು, ಒಮ್ಮೊಮ್ಮೆ ಒಂದೇ ಪ್ರತಿ ಅಚ್ಚು ಹಾಕಿಸುವ ಅನುಕೂಲ ಈಗ ಇದೆ. ಪುಸ್ತಕ ಸದಾ ಸಿಗುತ್ತಿರುತ್ತದೆ, ಓದುಗರಿಗೆ ಒಳ್ಳೆಯದೇ. ಆದರೆ ಆಗ ಅಚ್ಚಿನ ಸಂಖ್ಯೆ ಅನ್ನುವ ಒಂದೇ ಗಟ್ಟಿ ಅಂಕಿ ಕರಗಿಹೋಗುತ್ತದೆ. ವಿವರದ ಪುಟದಲ್ಲಿ ಏನಂತ ಹಾಕುವುದು? ‘ಆರು ತಿಂಗಳು ಎಲ್ಲೂ ಸಿಗದಿದ್ದರೆ ಹಕ್ಕು ವಾಪಸ್’ ಅನ್ನುವ ಕಲಮಿಗೂ ಅರ್ಥ ಉಳಿಯುವುದಿಲ್ಲ, ಯಾಕೆಂದರೆ ಪುಸ್ತಕ ಯಾವತ್ತೂ ‘ಸಿಗುತ್ತದೆ’. ಲೇಖಕರು ಈ ಎರಡನೆಯದನ್ನು ಗಮನಿಸಲೇಬೇಕು, ಎಚ್ಚರ ತಪ್ಪಿದರೆ ಹಕ್ಕು ಹಿಂದಕ್ಕೆ ಬರುವ ಬಾಗಿಲು ಮುಚ್ಚಿಹೋಗುತ್ತದೆ.

ಸದ್ಯಕ್ಕೆ ಪ್ರಕಾಶಕಿ ಮಾಡುತ್ತಿರುವುದು ಹೀಗೆ. ಬಿಡಿ ಪ್ರತಿ ಹಾಕುವ ಮುದ್ರಕರಿಂದ ತಿಂಗಳ ಬಿಲ್ಲನ್ನು ಪುಸ್ತಕವಾರು ಬರೆಸಿಕೊಳ್ಳುತ್ತಾರೆ, ಮೂರು ತಿಂಗಳಿಗೊಮ್ಮೆ ಆ ಬಿಲ್ಲುಗಳನ್ನು ಆಯಾ ಲೇಖಕರಿಗೆ ಕಳಿಸುತ್ತಾರೆ, ಸಂಭಾವನೆಯನ್ನೂ ಅದರ ಜೊತೆಗೇ. ಒಂದೂ ಹಾಕಿಸದಿದ್ದರೆ ‘ಈ ಅವಧಿಯಲ್ಲಿ ಒಂದೂ ಅಚ್ಚಾಗಿಲ್ಲ’ ಅನ್ನುವ ಒಂದು ಸಾಲು ಹೋಗುತ್ತದೆ. ಹಕ್ಕು ವಾಪಸಿನ ಕಲಮನ್ನು ಬದಲಿಸಿ, ವರ್ಷಕ್ಕೆ 25 ಪ್ರತಿಗಿಂತ ಕಡಿಮೆ ಅಚ್ಚಾದರೆ ಲೇಖಕರು ಕೇಳಿದ ಕೂಡಲೇ ಹಕ್ಕು ಬಿಟ್ಟುಕೊಡಬೇಕು ಅಂತ ಕರಡು ಮಾಡಿದ್ದಾರೆ. 25 ಸಾಕಾ, 50 ಇರಬೇಕಾ ಅಂತ ಕಾದಂಬರಿಯ ಲೇಖಕಿ ಜೊತೆ ಇನ್ನೂ ಮಾತು ನಡೆಯುತ್ತಿದೆ. ಲೇಖಕಿ 50 ಅನ್ನುತ್ತಿದ್ದಾರೆ. ನನ್ನನ್ನು ಕೇಳಿದಾಗ ನಾನೂ 50 ಅಂದೆ.